ಕೆಲಸದ ಹಾದಿ

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋಗ್ರಾಂ. ಅದು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ತೂಕವಾದರೋ ಸುಮಾರು 2.3 ಕಿಲೋಗ್ರಾಂ! ಇದೆಂತಹ ಸೋಜಿಗವೆಂದು ನೀವು ಕೇಳಬಹುದು. ಪೆಟ್ರೋಲಿನಲ್ಲಿರುವ ಇಂಗಾಲವು ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಕೂಡಿಕೊಳ್ಳುವುದರಿಂದ ತೂಕವು ಹೆಚ್ಚುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿನಲ್ಲಿ ಒಬ್ಬನೇ ಕುಳಿತು, ಅಷ್ಟೇ ದೂರದ ಕಚೇರಿಗೆ ಹೋಗಿಬರುವವನು ದಿನವೊಂದಕ್ಕೆ ನಾಲ್ಕೂವರೆ ಕಿಲೋಗ್ರಾಮಿಗೂ ಮಿಕ್ಕ ಈ ಅನಿಲವನ್ನು ವಾಯುಮಂಡಲಕ್ಕೆ ಸೇರಿಸುತ್ತಾನೆ. ಭೂಮಿಯ ತಾಪವನ್ನು ಏರಿಸುತ್ತಿರುವ ಅನಿಲಗಳಲ್ಲಿ ಇದೇ ಮುಖ್ಯವಾದುದು.

ಹೇಗೆ ಬರಬೇಕೆಂಬುದು ನೌಕರನ ಇಚ್ಛೆ. ಮಾಲೀಕನಿಗೂ ಇದಕ್ಕೂ ಏನು ಸಂಬಂಧ? ಮೇಲುನೋಟಕ್ಕೆ ಪ್ರಶ್ನೆ ಸರಿಯೆನಿಸುತ್ತದೆ. ಆದರೆ ಕಚೇರಿಯ ಅಂಗಳದಲ್ಲಿ ಕಾರು ನಿಲ್ಲಿಸಲು ಬಿಟ್ಟಿಯಾಗಿ ಜಾಗ ಕೊಡುವವನು ಮಾಲೀಕನೇ. ನಗರದಲ್ಲಿ ಅಂಗೈಯಗಲದ ನೆಲಕ್ಕೂ ಬೆಲೆಯುಂಟು. ಆದುದರಿಂದ ಆ ಜಾಗವು ಕಾರುಳ್ಳವರಿಗೆ ಮಾತ್ರ ಸಲ್ಲುವ ಗುಪ್ತ ಸಂಬಳ. ಬಸ್ಸಿನಲ್ಲಿ ಬರುವ ಜವಾನನಿಗೆ ಅದರಲ್ಲಿ ಪಾಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1992ರಲ್ಲಿ ಇದಕ್ಕೊಂದು ಜಾಣ್ಮೆಯ ಕಾನೂನು ಮಾಡಿತು. ಗಾಳಿ ಕೆಟ್ಟಿರುವ ಪ್ರದೇಶಗಳಲ್ಲಿ ದೊಡ್ಡ ಸಂಸ್ಥೆಯೊಂದು ಬಾಡಿಗೆಯ ಜಾಗವನ್ನು ನೌಕರರ ಕಾರುಗಳಿಗೆ ಉಚಿತವಾಗಿ ಒದಗಿಸುವುದಾದರೆ, ‘ಜಾಗ ಬೇಡ’ ಎಂದವರಿಗೆ ಅಷ್ಟೇ ಮೊತ್ತದ ಹಣವನ್ನು ಕೊಡತಕ್ಕದ್ದು. ಯಾರ ಕಾರನ್ನೂ ಕಸಿಯಲಿಲ್ಲ, ಯಾರಿಗೂ ದಂಡ ವಿಧಿಸಲಿಲ್ಲ. ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರು ಇದನ್ನು ಆಚರಣೆಗೆ ತಂದ ಎಂಟು ಸಂಸ್ಥೆಗಳನ್ನು ಪರಿಶೀಲಿಸಿ 1997ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬಂಟಿಯಾಗಿ ಕಾರಿನಲ್ಲಿ ಬರುತ್ತಿದ್ದವರು ನೂರಕ್ಕೆ 76 ಮಂದಿ ಇದ್ದದ್ದು 63ಕ್ಕೆ ಇಳಿದಿತ್ತು. ಉಳಿದವರು ಬಸ್ಸು ಹಿಡಿದರು, ನೆರೆಯವರೊಡನೆ ಕಾರು ಹಂಚಿಕೊಂಡರು, ಕೆಲವರು ನಡೆದೇ ಬಂದರು. ಉಪದೇಶದಿಂದ ಆಗದುದು ಲೆಕ್ಕವನ್ನು ನೇರಗೊಳಿಸಿದುದರಿಂದ ಆಯಿತು.

ಬೆಲ್ಜಿಯಂ ದೇಶದಲ್ಲಿ ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವವರಿಗೆ ತುಳಿದ ದೂರಕ್ಕೆ ತಕ್ಕಂತೆ ಭತ್ಯೆಯುಂಟು. 2023ರ ಮೇ ತಿಂಗಳಿಂದ ಅದು ಖಾಸಗಿ ನೌಕರರಿಗೂ ವ್ಯಾಪಕವಾಗಿ ಲಭಿಸಿತು. ಸೈಕಲ್ಲಿನ ಮೇಲೆಯೇ ಸೇವಾವಧಿಯನ್ನು ಕಳೆದ ನಮ್ಮ ಹಳ್ಳಿಯ ಮೇಷ್ಟರುಗಳು ಈ ಸುದ್ದಿ ಕೇಳಿದ್ದರೆ ನಕ್ಕುಬಿಡುತ್ತಿದ್ದರೇನೋ!

ನಮ್ಮ ನಾಡಿಗೂ ಈ ವಿಚಾರ ತೀರ ಹೊಸದಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್, ಭಾರತ್ ಎಲೆಕ್ಟ್ರಾನಿಕ್ಸ್, ಎಚ್.ಎಂ.ಟಿ. ಮೊದಲಾದ ಕಾರ್ಖಾನೆಗಳು ಸಮೀಪದಲ್ಲಿಯೇ ವಸತಿ ಬಡಾವಣೆಗಳನ್ನು ಕಟ್ಟಿದವು; ದೂರದವರಿಗೆ ಬಸ್ಸುಗಳನ್ನು ಓಡಿಸಿದವು. ಇಂಗಾಲದ ಲೆಕ್ಕ ಆಗ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ; ಪಾಳಿಯ ಹೊತ್ತಿಗೆ ಜನ ಬಂದು ಸೇರಬೇಕೆಂಬುದಷ್ಟೇ ಇದ್ದಿತು. ಆದರೂ ಐವತ್ತು ಜನ ಒಂದೇ ವಾಹನದಲ್ಲಿ ಬಂದರು.

2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮಾರ್ಗವಾಗಿ ಮೆಟ್ರೊ ರೈಲು ಓಡತೊಡಗಿತು. ಅಲ್ಲಿಯ ಕೋಣಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಪ್ರತಿಷ್ಠಾನವು ಧನಸಹಾಯ ಮಾಡಿದೆ. ಇನ್ನುಳಿದುದು ನಿಲ್ದಾಣದಿಂದ ಕೆಲಸದ ಬಾಗಿಲವರೆಗಿನ ದಾರಿ. ರಾತ್ರಿ ಪಾಳಿ ಮುಗಿಸಿ ಹೊರಡುವ ಹೆಣ್ಣುಮಗಳಿಗೆ ಆ ದಾರಿಯಲ್ಲಿ ದೀಪವಿರಬೇಕು, ಒಡೆಯದ ಕಾಲುದಾರಿಯಿರಬೇಕು, ಇಲ್ಲವೇ ಸಂಸ್ಥೆಯ ಪುಟ್ಟ ಬಸ್ಸೊಂದು ಕಾದಿರಬೇಕು. ಅದಿಲ್ಲದ ಕಡೆ ಅವಳು ಕಾರನ್ನೇ ಕರೆಸಿಕೊಂಡರೆ ದೂಷಿಸುವವರು ಯಾರು?