ದರಿಯಾ ದೌಲತ್ತಿನ ಗೋಡೆ

ವಸ್ತುಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆಗಳ ಸಾಲು ಎಂದೇ ನಮ್ಮಲ್ಲಿ ಹಲವರ ಭಾವನೆ. ಶ್ರೀರಂಗಪಟ್ಟಣದ ಕೋಟೆಯ ಹೊರಗಿನ ದರಿಯಾ ದೌಲತ್ತಿನಲ್ಲಿ ಕಟ್ಟಡವೇ ಮೊದಲು ನೋಡಬೇಕಾದ ವಸ್ತು. 1784ರಲ್ಲಿ ಟಿಪ್ಪುಸುಲ್ತಾನನು ಕಟ್ಟಿಸಿದ ಈ ಬೇಸಗೆಯ ಅರಮನೆ ಬಹುಮಟ್ಟಿಗೆ ತೇಗದ ಮರದ್ದು. 1959ರಿಂದ ಟಿಪ್ಪುವಿನ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಒಳಗೆ ನಾಣ್ಯಗಳೂ ಆಯುಧಗಳೂ ಇವೆ. ಅವು ಸ್ವಲ್ಪ ಕಾಯಲಿ. ಮೊದಲು ಪಶ್ಚಿಮದ ಹೊರಗೋಡೆಯ ಮುಂದೆ ನಿಲ್ಲೋಣ.

ಅಲ್ಲಿರುವುದು 1780ರ ಪೊಳ್ಳಿಲೂರಿನ ಕಾಳಗ. ಕರ್ನಲ್ ಬೈಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸುತ್ತಲೂ ಕೆಂಪು ಅಂಗಿಯ ಸಿಪಾಯಿಗಳ ಚೌಕ. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಹೈದರನೂ ಟಿಪ್ಪುವೂ ಸೈನ್ಯ ಸಮೇತರಾಗಿ ಮುತ್ತಿದ್ದಾರೆ.

1799ರಲ್ಲಿ ಪಟ್ಟಣ ಬಿದ್ದ ಮೇಲೆ ವೆಲ್ಲೆಸ್ಲಿ ಈ ಮನೆಯಲ್ಲೇ ವಾಸವಾಗಿದ್ದನು. ತಮ್ಮವರ ಸೋಲಿನ ಚಿತ್ರ ಹೀಗೆ ಇಂಗ್ಲಿಷರ ಕೈ ಸೇರಿತು! ಮುಂದೆ ಅದಕ್ಕೆ ಸುಣ್ಣ ಬಳಿಯಲಾಯಿತು. 1855ರಲ್ಲಿ ಡಾಲ್‌ಹೌಸಿ ಅದನ್ನು ಮತ್ತೆ ಬರೆಸಿದನು. ಮೂಲವನ್ನು ನೆನಪಿಟ್ಟಿದ್ದ ಚಿತ್ರಗಾರನೇ ಬರೆದನೆಂದು ಹಳೆಯ ಗ್ಯಾಸೆಟಿಯರಿನ ಹೇಳಿಕೆ.

ಆದ್ದರಿಂದ ಉಡುಪು, ಮುಖಚರ್ಯೆಗಳನ್ನು 1780ರ ಸಾಕ್ಷ್ಯವೆಂದು ಸ್ವೀಕರಿಸುವಾಗ ಇತಿಹಾಸದ ವಿದ್ಯಾರ್ಥಿ ತಡೆದು ಯೋಚಿಸಬೇಕು. ಆದರೆ ದೂರ ಹತ್ತಿರಗಳ ಗೊಡವೆಯಿಲ್ಲದೆ ದಂಡನ್ನು ಸಾಲಿನ ಮೇಲೆ ಸಾಲಾಗಿ ಜೋಡಿಸಿದ ಬಗೆ ನಮ್ಮ ಚಿತ್ರಗಾರರದೇ. ಅದು ಮೂಲದಿಂದ ಉಳಿದು ಬಂದಿರಬೇಕೆಂದು ನನ್ನ ಊಹೆ.

ಇನ್ನು ಒಳಗೆ ಹೋಗಬಹುದು. ಪಟ್ಟಣದ ಮುತ್ತಿಗೆಯನ್ನು ಕುರಿತ ರಾಬರ್ಟ್ ಕೆರ್ ಪೋರ್ಟರನ ತೈಲಚಿತ್ರ ಅಲ್ಲಿದೆ. ಆತ ಈ ಯುದ್ಧವನ್ನು ಕಣ್ಣಾರೆ ಕಂಡವನಲ್ಲ. ಹೊರಗೋಡೆಯನ್ನು ನೋಡಿದ ಕಣ್ಣಿನಿಂದಲೇ ಅದನ್ನೂ ನೋಡಬೇಕು.