ಗುರಿ ಅಂಕಿ ಇಟ್ಟವರು ಯಾರು? ಸ್ವಯಂ ನಿಯಂತ್ರಣ ಕುರಿತ ಒಂದು ಪಾಠ

ಹತ್ತನೇ ತರಗತಿಯ ವಿಜ್ಞಾನದಲ್ಲಿ 'ನಿಯಂತ್ರಣ ಮತ್ತು ಸಹಭಾಗಿತ್ವ' ಘಟಕದ ಕೊನೆಗೆ ಹಿಮ್ಮಾಹಿತಿಯ ವಿಷಯ ಬರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಮೇದೋಜೀರಕದ ಕೋಶಗಳು ಅದನ್ನು ಗುರುತಿಸಿ ಹೆಚ್ಚು ಇನ್ಸುಲಿನ್ ಸ್ರವಿಸುತ್ತವೆ. ಸಕ್ಕರೆ ಇಳಿದಂತೆ ಸ್ರವಿಕೆಯೂ ಇಳಿಯುತ್ತದೆ. ಪುಸ್ತಕದಲ್ಲಿ ಇದು ಕೆಲವೇ ಸಾಲು. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ. ಆದರೆ ಕಟ್ಟಡಗಳ ತಂಪು ವ್ಯವಸ್ಥೆ, ನೀರಿನ ಟಾಕಿ, ಕಾಲುವೆಯ ಗೇಟು ಎಲ್ಲವೂ ಇಂದು ಇದೇ ತತ್ವದ ಮೇಲೆ ನಡೆಯುತ್ತವೆ. ಅಭ್ಯಾಸ ಬೋಧನೆಯಲ್ಲಿ ಈ ಭಾಗವನ್ನು ಎರಡು ಅವಧಿಗೆ ಹಿಗ್ಗಿಸಿ ಪಾಠ ಮಾಡಿದೆ. ಅದರ ಯೋಜನೆ ಮತ್ತು ಅನುಭವವನ್ನು ಇಲ್ಲಿ ಹಂಚಿಕೊಂಡಿದ್ದೇನೆ.

ಪಾಠದ ಉದ್ದೇಶಗಳು

1. ಸ್ವಯಂ ನಿಯಂತ್ರಣದ ನಾಲ್ಕು ಭಾಗಗಳನ್ನು ಗುರುತಿಸುವರು: ಸಂವೇದಕ, ಗುರಿ ಅಂಕಿ, ನಿಯಂತ್ರಕ, ಕಾರ್ಯ ಮಾಡುವ ಅಂಗ.
2. ಹಿಮ್ಮಾಹಿತಿ ಇರುವ ಮತ್ತು ಇಲ್ಲದ ವ್ಯವಸ್ಥೆಗಳ ವ್ಯತ್ಯಾಸ ಹೇಳುವರು.
3. ಹಲವು ನಿಯಂತ್ರಕಗಳನ್ನು ಜಾಲದಲ್ಲಿ ಜೋಡಿಸುವುದರ ಲಾಭ ಮತ್ತು ಮಿತಿಗಳನ್ನು ವಿವರಿಸುವರು.
4. ಯಂತ್ರ ಪಾಲಿಸುವ ಅಂಕಿಯನ್ನು ಮನುಷ್ಯರೇ ಇಟ್ಟಿರುತ್ತಾರೆ ಎಂಬುದನ್ನು ಉದಾಹರಣೆ ಕೊಟ್ಟು ತೋರಿಸುವರು.

ಸಾಮಗ್ರಿ: ನಲ್ಲಿ ಇರುವ ಒಂದು ಕ್ಯಾನು, ತಳದಲ್ಲಿ ಸಣ್ಣ ತೂತು ಮಾಡಿದ ಬಕೆಟ್, ಸೋರಿದ ನೀರು ಹಿಡಿಯಲು ಒಂದು ಬುಟ್ಟಿ, ಅಳತೆಪಟ್ಟಿ, ನಿಯಮ ಬರೆದ ಚೀಟಿಗಳು, ವಿಜಯಪುರ ಜಿಲ್ಲೆಯ ನಕಾಶೆ.

ತೊಡಗಿಸಿಕೊಳ್ಳುವಿಕೆ

"ನಿಮ್ಮ ಮನೆಯಲ್ಲಿ, ಹೊಲದಲ್ಲಿ ತಾನಾಗಿಯೇ ಚಾಲು ಆಗುವ, ತಾನಾಗಿಯೇ ಬಂದ್ ಆಗುವ ವಸ್ತು ಯಾವುವು?" ಎಂದು ಕೇಳಿದೆ. ಫ್ರಿಜ್, ಇಸ್ತ್ರಿ ಪೆಟ್ಟಿಗೆ, ಟಾಕಿಯ ಫ್ಲೋಟ್, ಬೋರ್‌ವೆಲ್‌ನ ಆಟೋ ಸ್ಟಾರ್ಟರ್ ಎಂಬ ಉತ್ತರಗಳು ಬಂದವು. ಕಪ್ಪುಹಲಗೆಯ ಮೇಲೆ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ ಬರೆದೆ: ಏನನ್ನು ಅಳೆಯುತ್ತದೆ? ಯಾವ ಅಂಕಿಗೆ ಹೋಲಿಸುತ್ತದೆ? ಆಮೇಲೆ ಏನು ಮಾಡುತ್ತದೆ?

ಇಸ್ತ್ರಿ ಪೆಟ್ಟಿಗೆಗೆ ಉತ್ತರ ಸುಲಭವಾಗಿ ಸಿಕ್ಕಿತು: ಬಿಸಿಯನ್ನು ಗ್ರಹಿಸುತ್ತದೆ, ನಾವು ತಿರುಗಿಸಿಟ್ಟ ಗುಂಡಿಯ ಮಟ್ಟಕ್ಕೆ ಹೋಲಿಸುತ್ತದೆ, ವಿದ್ಯುತ್ತನ್ನು ಕಡಿಯುತ್ತದೆ. ಚರ್ಚೆ ಬೆಳೆದದ್ದು ಆಟೋ ಸ್ಟಾರ್ಟರ್ ಬಗ್ಗೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಅದು ಮೋಟರನ್ನು ಎಬ್ಬಿಸುತ್ತದೆ. "ಹೊಲ ಹಸಿ ಐತೋ ಒಣಗೈತೋ ಅದಕ್ಕ ಗೊತ್ತಿರಂಗಿಲ್ರಿ ಸರ್" ಎಂದು ಒಬ್ಬ ಹುಡುಗ ಹೇಳಿದ. ಪಾಠದ ಮೊದಲ ತಿರುಳು ಅದೇ. ಆಟೋ ಸ್ಟಾರ್ಟರ್ ಅಳೆಯುವುದು ಕರೆಂಟನ್ನು, ಮಣ್ಣಿನ ತೇವವನ್ನಲ್ಲ. ತಾನಾಗಿ ನಡೆಯುವುದೆಲ್ಲ ನಮಗೆ ಬೇಕಾದ್ದನ್ನೇ ಅಳೆಯುತ್ತಿರುತ್ತದೆ ಎಂದಲ್ಲ.

ಪರಿಶೋಧನೆ: ಬಕೆಟ್ ಆಟ

ನಾಲ್ವರು ಮಕ್ಕಳ ಗುಂಪು. ಒಬ್ಬರು ಸಂವೇದಕ: ಬಕೆಟಿನ ನೀರಿನ ಮಟ್ಟವನ್ನು ಅಳತೆಪಟ್ಟಿಯಲ್ಲಿ ಓದಿ ಅಂಕಿ ಮಾತ್ರ ಹೇಳಬೇಕು. ಒಬ್ಬರು ನಿಯಂತ್ರಕ: ಬಕೆಟಿಗೆ ಬೆನ್ನು ಮಾಡಿ ಕುಳಿತು, ಕೈಯಲ್ಲಿರುವ ಚೀಟಿಯ ನಿಯಮದಂತೆ ಆಜ್ಞೆ ಕೊಡಬೇಕು. ಒಬ್ಬರು ನಲ್ಲಿ ತಿರುಗಿಸಬೇಕು. ಒಬ್ಬರು ಬರೆದುಕೊಳ್ಳಬೇಕು. ಬಕೆಟಿನ ತೂತಿನಿಂದ ನೀರು ಸೋರುತ್ತಲೇ ಇರುತ್ತದೆ.

ಮೊದಲ ಚೀಟಿ: "ಒಂದು ನಿಮಿಷ ತೆರೆ, ಒಂದು ನಿಮಿಷ ಮುಚ್ಚು." ಸಂವೇದಕಕ್ಕೆ ಇಲ್ಲಿ ಕೆಲಸವಿಲ್ಲ. ತೂತು ದೊಡ್ಡದಿದ್ದ ಗುಂಪಿನ ಬಕೆಟ್ ಬರಿದಾಗುತ್ತ ಹೋಯಿತು, ಸಣ್ಣದಿದ್ದ ಗುಂಪಿನದು ತುಂಬಿ ಚೆಲ್ಲಿತು. ನಿಯಮ ಒಂದೇ, ಫಲ ಬೇರೆ.

ಎರಡನೇ ಚೀಟಿ: "12 ಸೆಂ.ಮೀ.ಗಿಂತ ಕಡಿಮೆಯಾದರೆ ತೆರೆ, ಹೆಚ್ಚಾದರೆ ಮುಚ್ಚು." ಈಗ ಮಟ್ಟ 12ರ ಆಸುಪಾಸಿನಲ್ಲಿ ನಿಂತಿತು. ಆದರೆ ನೀರು ಅಲುಗಾಡಿದಾಗಲೆಲ್ಲ ತೆರೆ-ಮುಚ್ಚು ಆಜ್ಞೆ ಬಂದು, ನಲ್ಲಿಯವರ ಕೈಗೆ ಬಿಡುವಿಲ್ಲದಾಯಿತು.

ಮೂರನೇ ಚೀಟಿ: "8 ಸೆಂ.ಮೀ.ಗೆ ಇಳಿದರೆ ತೆರೆ, 14 ಸೆಂ.ಮೀ.ಗೆ ಏರಿದರೆ ಮುಚ್ಚು, ನಡುವೆ ಇದ್ದರೆ ಇದ್ದಂತೆಯೇ ಬಿಡು." ನಲ್ಲಿ ಶಾಂತವಾಯಿತು. ಎರಡು ಅಂಕಿಗಳ ನಡುವೆ ಅಂತರ ಇಡುವುದು ಏಕೆಂದು ಮಕ್ಕಳೇ ಹೇಳಿದರು: ಇಲ್ಲದಿದ್ದರೆ ಮೋಟರು ಸುಟ್ಟು ಹೋಗುತ್ತದೆ.

ವಿವರಿಸುವಿಕೆ

ಆಟದ ಪಾತ್ರಗಳ ಪಕ್ಕದಲ್ಲಿ ನಿಜವಾದ ಉಪಕರಣಗಳ ಹೆಸರು ಬರೆದೆ. ಚೀಟಿ ಹಿಡಿದು ಕುಳಿತವರೇ ಪ್ರೋಗ್ರಾಮ್ ಮಾಡಬಲ್ಲ ನಿಯಂತ್ರಕ. ಚೀಟಿ ಬದಲಿಸಿದರೆ ವರ್ತನೆ ಬದಲಾಗುತ್ತದೆ, ಮನುಷ್ಯರನ್ನಾಗಲಿ ನಲ್ಲಿಯನ್ನಾಗಲಿ ಬದಲಿಸಬೇಕಿಲ್ಲ. ಹಿಂದೆ ಕಾರ್ಖಾನೆಗಳಲ್ಲಿ ನಿಯಮಗಳನ್ನು ರಿಲೇ ಮತ್ತು ತಂತಿಗಳಲ್ಲೇ ಹೆಣೆಯುತ್ತಿದ್ದರು. ನಿಯಮ ಬದಲಿಸಬೇಕೆಂದರೆ ತಂತಿ ಬಿಚ್ಚಿ ಮತ್ತೆ ಜೋಡಿಸಬೇಕಿತ್ತು. ಈ ತೊಂದರೆ ತಪ್ಪಿಸಲು ಅಮೆರಿಕದ ಕಾರು ಕಾರ್ಖಾನೆಗಳಿಗಾಗಿ 1968-69ರಲ್ಲಿ ಡಿಕ್ ಮೋರ್ಲಿ ಮತ್ತು ಸಂಗಡಿಗರು 'ಮಾಡಿಕಾನ್' ಎಂಬ ನಿಯಂತ್ರಕವನ್ನು ರೂಪಿಸಿದರು. ರಿಲೇ ಎಂದಾಗ ವಿದ್ಯುತ್ಕಾಂತದ ಪಾಠವನ್ನು ನೆನಪಿಸಬಹುದು: ಸಣ್ಣ ವಿದ್ಯುತ್ ಪ್ರವಾಹದಿಂದ ದೊಡ್ಡ ಮೋಟರಿನ ಮಂಡಲವನ್ನು ಕೂಡಿಸುವ, ಕಡಿಯುವ ಸಾಧನ ಅದು.

ದೊಡ್ಡ ಆಸ್ಪತ್ರೆ, ವಿಮಾನ ನಿಲ್ದಾಣ, ಬಹುಮಹಡಿ ಕಚೇರಿಗಳಲ್ಲಿ ಇಂಥ ನಿಯಂತ್ರಕಗಳು ಅನೇಕ ಇರುತ್ತವೆ. ಒಂದು ಕೋಣೆಯ ಉಷ್ಣತೆ ನೋಡಿ ತಣ್ಣೀರಿನ ಕವಾಟ ತಿರುಗಿಸುತ್ತದೆ, ಇನ್ನೊಂದು ಟಾಕಿಯ ಮಟ್ಟ ನೋಡಿ ಪಂಪು ನಡೆಸುತ್ತದೆ. ಅವು ಒಂದಕ್ಕೊಂದು ಮಾತಾಡಬೇಕು. ಬೆಂಕಿಯ ಸೂಚನೆ ಬಂದರೆ ಗಾಳಿ ಬೀಸುವ ಫ್ಯಾನು ನಿಲ್ಲಬೇಕು, ಇಲ್ಲದಿದ್ದರೆ ಹೊಗೆಯನ್ನು ಅದೇ ಹರಡುತ್ತದೆ. ಬೇರೆ ಬೇರೆ ಕಂಪನಿಯ ಉಪಕರಣಗಳು ಒಂದೇ ಭಾಷೆಯಲ್ಲಿ ಮಾತಾಡಲೆಂದು 1979ರಲ್ಲಿ ಮಾಡ್‌ಬಸ್, 1995ರಲ್ಲಿ ಕಟ್ಟಡಗಳಿಗಾಗಿಯೇ ಬ್ಯಾಕ್‌ನೆಟ್ ಎಂಬ ಸಂವಹನ ನಿಯಮಗಳು ಬಂದವು.

ಇದನ್ನು ತೋರಿಸಲು ಎರಡು ಗುಂಪುಗಳ ನಿಯಂತ್ರಕರ ನಡುವೆ ಒಬ್ಬ ಅಂಚೆಯವನನ್ನು ನಿಲ್ಲಿಸಿ ಚೀಟಿ ಸಾಗಿಸಿದೆವು. ನಂತರ ಅವನನ್ನು ಹೊರಗೆ ಕಳಿಸಿದೆ. ಜಾಲ ಕಡಿದಂತಾಯಿತು. ತಮ್ಮದೇ ಚೀಟಿಯಲ್ಲಿ ಪೂರ್ತಿ ನಿಯಮ ಇದ್ದವರು ಕೆಲಸ ಮುಂದುವರಿಸಿದರು, ಬರೀ ಆಜ್ಞೆಗೆ ಕಾಯುತ್ತಿದ್ದವರು ನಿಂತುಬಿಟ್ಟರು. ಒಳ್ಳೆಯ ನಿಯಂತ್ರಕ ಜಾಲದಲ್ಲಿದ್ದರೂ ಜಾಲವಿಲ್ಲದಾಗ ತನ್ನ ಪಾಲಿನ ಕೆಲಸ ಸುರಕ್ಷಿತವಾಗಿ ಮಾಡಬಲ್ಲದ್ದಾಗಿರಬೇಕು.

ವಿಸ್ತರಿಸುವಿಕೆ: ನಮ್ಮ ಜಿಲ್ಲೆಯ ನೀರು

ಎರಡನೇ ಅವಧಿಯಲ್ಲಿ ನಕಾಶೆ ತೂಗುಹಾಕಿದೆ. ಕೇಂದ್ರೀಕೃತ ಹವಾನಿಯಂತ್ರಣದ ಕಟ್ಟಡವನ್ನು ನಮ್ಮ ಹಳ್ಳಿಯ ಮಕ್ಕಳು ಕಂಡಿರುವುದು ಅಪರೂಪ, ಕಾಲುವೆಯನ್ನು ಕಾಣದವರಿಲ್ಲ. ನಾರಾಯಣಪುರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯ ಒಂದು ಶಾಖೆಯ ಹೆಸರೇ ಇಂಡಿ ಶಾಖಾ ಕಾಲುವೆ. ಅದು ಸಿಂದಗಿ, ಇಂಡಿ ಕಡೆಗೆ ಬರುತ್ತದೆ. ಈ ಕಾಲುವೆ ಜಾಲವನ್ನು ವಿಸ್ತರಿಸಿ ನವೀಕರಿಸಿದ ಯೋಜನೆಯನ್ನು 19 ಜನವರಿ 2023ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಪ್ರಯೋಜನ ಎಂದು ಸರ್ಕಾರ ತಿಳಿಸಿತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. 10,000 ಕ್ಯೂಸೆಕ್ ಎಷ್ಟು ಲೀಟರ್ ಎಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ: ಸೆಕೆಂಡಿಗೆ 2,83,000.

ಈ ಕಾಲುವೆ ಜಾಲದಲ್ಲಿ ಹರಿವು ಅಳೆಯುವ, ದೂರದ ನಿಯಂತ್ರಣ ಕೊಠಡಿಯಿಂದ ತೆರೆದು ಮುಚ್ಚಬಹುದಾದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದ್ದಾರೆ. ಸ್ಕಾಡಾ ಎಂದು ಪತ್ರಿಕೆಗಳಲ್ಲಿ ಬರುವುದು ಇದೇ. ಬಹುಮಹಡಿ ಕಟ್ಟಡದ ಕವಾಟಗಳ ಜಾಗದಲ್ಲಿ ಗೇಟುಗಳನ್ನು, ಕೊಳವೆಗಳ ಜಾಗದಲ್ಲಿ ಕಾಲುವೆಗಳನ್ನು ಇಟ್ಟುಕೊಂಡರೆ ವ್ಯವಸ್ಥೆ ಒಂದೇ.

ಆಗ ಒಬ್ಬ ಹುಡುಗಿ ಕೇಳಿದಳು: "ಹಂಗಾದ್ರ ನಮ್ಮ ಹೊಲಕ್ಕ ನೀರು ಬಿಡೂದು ಯಾರ ಕೈಯಾಗ ಐತ್ರಿ ಸರ್? ಗೇಟಿಂದೋ, ಮನಷ್ಯಾರದೋ?"

ಆ ಪ್ರಶ್ನೆಯನ್ನು ಹಲಗೆಯ ಮೇಲೆ ನಾಲ್ಕನೆಯದಾಗಿ ಬರೆದೆ: ಗುರಿ ಅಂಕಿ ಇಟ್ಟವರು ಯಾರು? ಗೇಟು ಎಷ್ಟು ಬಿಡಬೇಕೋ ಅಷ್ಟನ್ನು ಕರಾರುವಾಕ್ಕಾಗಿ ಬಿಡಬಲ್ಲದು. ಎಷ್ಟು ಬಿಡಬೇಕು ಎಂಬುದು ಅದಕ್ಕೆ ತಿಳಿಯದು. ಎಷ್ಟು ದಿನ ಚಾಲು, ಎಷ್ಟು ದಿನ ಬಂದ್ ಎಂಬ ವಾರಾಬಂದಿಯನ್ನು ನೀರಾವರಿ ಸಲಹಾ ಸಮಿತಿ ಸಭೆ ಸೇರಿ ನಿರ್ಧರಿಸುತ್ತದೆ. ತಲೆಭಾಗದಲ್ಲಿ ಹೆಚ್ಚು ನೀರು ಎಳೆದರೆ ಕೊನೆಭಾಗಕ್ಕೆ ಬರುವುದು ಕಡಿಮೆ. ಹರಿವನ್ನು ಅಳೆಯುವ ಗೇಟಿನ ನಿಜವಾದ ಉಪಯೋಗ ಇಲ್ಲಿದೆ: ಯಾರ ಪಾಲು ಎಷ್ಟು ಹೋಯಿತು ಎಂಬುದಕ್ಕೆ ಅಂಕಿಯ ದಾಖಲೆ ಉಳಿಯುತ್ತದೆ. ಆ ದಾಖಲೆಯನ್ನು ಕೇಳಿ ಓದಬಲ್ಲವರು ಕೊನೆಭಾಗದ ಊರಿನಲ್ಲಿ ಬೇಕು.

ಇದಕ್ಕಿಂತ ದೊಡ್ಡ ಉದಾಹರಣೆ ಆಲಮಟ್ಟಿ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ, ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದ ಈ ಅಣೆಕಟ್ಟೆಗೆ 26 ಗೇಟುಗಳು. ನೀರಿನ ಗರಿಷ್ಠ ಮಟ್ಟ 519.60 ಮೀಟರ್. ಇದೂ ಒಂದು ಗುರಿ ಅಂಕಿಯೇ. ಇದನ್ನು ಯಾವ ಯಂತ್ರವೂ ಇಟ್ಟದ್ದಲ್ಲ. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಅಷ್ಟರವರೆಗೆ ಅನುಮತಿ ನೀಡಿತು. 2010ರ ಡಿಸೆಂಬರಿನಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ವರೆಗೆ ಒಪ್ಪಿಗೆ ಕೊಟ್ಟಿತು. ವ್ಯತ್ಯಾಸ ಐದು ಮೀಟರಿಗಿಂತಲೂ ಕಡಿಮೆ. ಆದರೆ ಆ ಅಂತರದೊಳಗೆ ಮುಳುಗುವ ಊರು, ನೀರು ಕಾಣುವ ಹೊಲ, ನೆರೆ ರಾಜ್ಯಗಳ ಪಾಲು ಎಲ್ಲವೂ ಸೇರಿವೆ.

ಈ ಹಂತದಲ್ಲಿ ಇನ್ಸುಲಿನ್‌ಗೆ ಮರಳಿದೆವು. ದೇಹದ ಗುರಿ ಅಂಕಿಯನ್ನು ಯಾರೂ ಸಭೆ ಸೇರಿ ಇಟ್ಟಿಲ್ಲ. ಅದು ಜೀವವಿಕಾಸದಲ್ಲಿ ರೂಪುಗೊಂಡದ್ದು. ಯಂತ್ರದ ಗುರಿ ಅಂಕಿಯ ಹಿಂದೆ ಮಾತ್ರ ಸದಾ ಯಾರೋ ಇರುತ್ತಾರೆ. ಹೋಲಿಕೆಯಷ್ಟೇ ಈ ವ್ಯತ್ಯಾಸವೂ ಮಕ್ಕಳಿಗೆ ತಿಳಿಯಬೇಕು.

ಮೌಲ್ಯಮಾಪನ

1. ಫ್ರಿಜ್ ಮತ್ತು ಆಟೋ ಸ್ಟಾರ್ಟರ್‌ಗಳಿಗೆ ನಾಲ್ಕೂ ಪ್ರಶ್ನೆಗಳನ್ನು ಅನ್ವಯಿಸಿ ಕೋಷ್ಟಕ ತುಂಬಿರಿ.
2. ಇನ್ಸುಲಿನ್ ನಿಯಂತ್ರಣ ಮತ್ತು ಟಾಕಿಯ ಪಂಪು ನಿಯಂತ್ರಣಗಳ ಚಕ್ರವನ್ನು ಪಕ್ಕಪಕ್ಕದಲ್ಲಿ ಬಿಡಿಸಿರಿ.
3. ನಿಮ್ಮ ಶಾಲೆಯ ಟಾಕಿಗೆ ನಿಯಂತ್ರಕದ ಚೀಟಿ ಬರೆಯಿರಿ. ಕರೆಂಟ್ ಹೋದಾಗ, ಸಂವೇದಕ ಕೆಟ್ಟಾಗ ಏನಾಗಬೇಕು ಎಂಬುದನ್ನೂ ಸೇರಿಸಿರಿ.
4. ಮನೆಯ ಹಿರಿಯರನ್ನು ಕೇಳಿ ಬನ್ನಿ: ನಿಮ್ಮ ಊರಿಗೆ ಯಾವ ಕಾಲುವೆ ಅಥವಾ ಏತ ನೀರಾವರಿಯಿಂದ ನೀರು ಬರುತ್ತದೆ? ಯಾವಾಗ ಬರುತ್ತದೆಂದು ಯಾರು ತಿಳಿಸುತ್ತಾರೆ?

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ಕಂಪ್ಯೂಟರ್ ಲ್ಯಾಬ್ ಬೇಕಿಲ್ಲ, ಬಕೆಟ್ ಸಾಕು. ನಿಯಂತ್ರಕನ ಪಾತ್ರದವರು ಬಕೆಟಿಗೆ ಬೆನ್ನು ಮಾಡಿಯೇ ಕೂರಬೇಕು. ಸಂವೇದಕ ಹೇಳಿದ ಅಂಕಿಯೊಂದೇ ಯಂತ್ರಕ್ಕೆ ಪ್ರಪಂಚ ಎಂಬುದು ಆಗ ಮನದಟ್ಟಾಗುತ್ತದೆ. ಸಂವೇದಕದವರಿಗೆ ಗುಟ್ಟಾಗಿ ಸುಳ್ಳು ಅಂಕಿ ಹೇಳಲು ತಿಳಿಸಿ ಒಂದು ಸುತ್ತು ಆಡಿಸಿದರೆ ಉಪಕರಣ ಕೆಟ್ಟರೆ ಏನಾಗುತ್ತದೆ ಎಂಬ ಚರ್ಚೆಗೂ ದಾರಿಯಾಗುತ್ತದೆ. ಇಂಡಿ, ಸಿಂದಗಿ ಕಡೆಯ ಶಾಲೆಗಳಲ್ಲಿ ಶಾಖಾ ಕಾಲುವೆಯನ್ನು, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಲ್ಲಿ ಜಲಾಶಯ ಮತ್ತು ಏತ ನೀರಾವರಿಯನ್ನು ಉದಾಹರಣೆಯಾಗಿ ಬಳಸಬಹುದು. ನಾಲ್ಕನೇ ಪ್ರಶ್ನೆ ಸಮಾಜ ವಿಜ್ಞಾನದ್ದು ಎಂದು ಬಿಡದೆ, ವಿಜ್ಞಾನದ ಅವಧಿಯಲ್ಲೇ ಕೇಳಿಸಿರಿ.