ಅಂಗವಿಕಲಸ್ನೇಹಿ ಸರ್ಕಾರಿ ಜಾಲತಾಣ: ಪರೀಕ್ಷಾ ಟಿಪ್ಪಣಿ

ಬಾಗಲಕೋಟೆಯ ವಿದ್ಯಾಗಿರಿಯ ಕೋಣೆಯಲ್ಲಿ ಕುಳಿತು ನೇಮಕಾತಿ ಅಧಿಸೂಚನೆ ಓದುವ ಅಂಧ ಅಭ್ಯರ್ಥಿಗೆ ಸುಗಮ ಜಾಲತಾಣ ಕಾನೂನು ಕೊಟ್ಟ ಹಕ್ಕು. ಬಾಗಲಕೋಟೆ ಜಿಲ್ಲಾಡಳಿತದ ಜಾಲತಾಣವು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ಎಸ್3ವಾಸ್ ವೇದಿಕೆಯಲ್ಲಿದೆ. ಸುಗಮ್ಯತೆ ಆ ವೇದಿಕೆಯ ಘೋಷಿತ ಗುರಿಗಳಲ್ಲೊಂದು.

ಕಾನೂನಿನ ಹಿನ್ನೆಲೆ
• ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ: 2006, ಭಾರತದ ಅನುಮೋದನೆ: 2007, ವಿಧಿ 9 ಸುಗಮ್ಯತೆ ಕುರಿತದ್ದು.
• ಸುಗಮ್ಯ ಭಾರತ ಅಭಿಯಾನ: 2015 ಡಿಸೆಂಬರ್ 3.
• ಅಂಗವಿಕಲರ ಹಕ್ಕುಗಳ ಕಾಯ್ದೆ, 2016: ಜಾರಿ 2017 ಏಪ್ರಿಲ್ 19, 21 ಬಗೆಯ ಅಂಗವೈಕಲ್ಯ, ಕಲಂ 42 ಮಾಹಿತಿ ತಂತ್ರಜ್ಞಾನದ ಲಭ್ಯತೆ.
• ರಾಜೀವ್ ರಾತುರಿ ಪ್ರಕರಣ, 2024: ಸುಗಮ್ಯತೆಯ ಕನಿಷ್ಠ ನಿಯಮಗಳು ಕಡ್ಡಾಯವಾಗಿರಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು.
• ಪ್ರಜ್ಞಾ ಪ್ರಸೂನ್ ಪ್ರಕರಣ, 2025: ಡಿಜಿಟಲ್ ಲಭ್ಯತೆ ಸಂವಿಧಾನದ 21ನೇ ವಿಧಿಯ ಭಾಗ.

ಮಾನದಂಡಗಳು
• ಜಾಲತಾಣ ವಿಷಯ ಸುಗಮ್ಯತಾ ಮಾರ್ಗಸೂಚಿ (ಡಬ್ಲ್ಯುಸಿಎಜಿ): ಗ್ರಹಿಸಬಹುದಾದ, ಬಳಸಬಹುದಾದ, ಅರ್ಥವಾಗುವ, ಸದೃಢ ಎಂಬ 4 ತತ್ವಗಳು, ಎ, ಎಎ, ಎಎಎ ಹಂತಗಳು. ಎಎ ಹಂತದಲ್ಲಿ ಸಾಮಾನ್ಯ ಅಕ್ಷರ ಮತ್ತು ಹಿನ್ನೆಲೆಯ ವರ್ಣವೈದೃಶ್ಯ (ಕಾಂಟ್ರಾಸ್ಟ್) ಕನಿಷ್ಠ 4.5:1.
• ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿ (ಜಿಐಜಿಡಬ್ಲ್ಯು): ಮೊದಲು 2009, ಆವೃತ್ತಿ 3.0, 2023.
• ಭಾರತೀಯ ಮಾನಕ: ಐಎಸ್ 17802.

ಕನ್ನಡದ ವಿಶೇಷ ಸಮಸ್ಯೆ
ಎನ್‌ವಿಡಿಎ ಮುಂತಾದ ಪರದೆವಾಚಕಗಳು (ಸ್ಕ್ರೀನ್ ರೀಡರ್) ಯೂನಿಕೋಡ್ ಕನ್ನಡವನ್ನು ಓದುತ್ತವೆ. ಹಳೆಯ ಯೂನಿಕೋಡೇತರ ಫಾಂಟ್‌ನ ಪಠ್ಯ ಅವಕ್ಕೆ ಅರ್ಥಹೀನ ಅಕ್ಷರಗಳ ಸಾಲು. ಸ್ಕ್ಯಾನ್ ಮಾಡಿದ ಆದೇಶ ಬರೀ ಚಿತ್ರ. ಯೂನಿಕೋಡ್ ಪಠ್ಯ, ಚಿತ್ರಕ್ಕೆ ಪರ್ಯಾಯ ವಿವರಣೆ, ಕೀಲಿಮಣೆಯಿಂದಲೇ ಸಂಚಾರ, ವಿಡಿಯೊಗೆ ಅಡಿಬರಹ: ಇವು ಪರಿಹಾರ.

ನೆನಪಿಡಿ: ಕಾಯ್ದೆಯ ಕಲಂ 42, ಒಡಂಬಡಿಕೆಯ ವಿಧಿ 9, ಸಂವಿಧಾನದ ವಿಧಿ 21. ನಾಳೆ ಕಚೇರಿಯ ಕುರ್ಚಿಯಲ್ಲಿ ಕೂರುವವರು ನೀವೇ. ಪ್ರಕಟಿಸುವ ಪ್ರತಿ ಆದೇಶವೂ ಎಲ್ಲರಿಗೂ ಓದಲು ಸಿಗುವಂತೆ ಮಾಡಿ.